ಎರಕ ಕಾಣದ ತಾಯಿ

ಈ ಕತೆಯನ್ನು ಮೊದಲು ಹೇಳಿದವಳು ಬೀಗದ ಅಜ್ಜನ ಕಿರಿಯ ಮಗಳು, ಊರೆಲ್ಲ ಹೊಲಿಗೆ ಚಿಕ್ಕಮ್ಮನೆಂದು ಕರೆಯುತ್ತಿದ್ದಾಕೆ. ಹೇಳಿದ್ದು ಹಳೆಯ ಬಸ್ ನಿಲ್ದಾಣವನ್ನು ಕೆಡವಿದ ವರ್ಷ, ಶಾಲೆಗಳು ತೆರೆಯುವ ಮುಂಚಿನ ವಾರ. ಸಮವಸ್ತ್ರಗಳ ಕೆಲಸ ತಲೆಯ ಮೇಲೆ ಬಂದುದರಿಂದ ಕಾಜ ಹಾಕಲು, ಗುಂಡಿ ಹಚ್ಚಲು ಅಕ್ಕಪಕ್ಕದ ಹೆಂಗಸರು ಅವಳ ಅಂಗಡಿಯಲ್ಲಿ ಸೇರಿದ್ದರು. ಗುಡಿಯ ಬೀದಿಯವರು ಇದೇ ಕತೆಯನ್ನು ಬೇರೆ ಬಗೆಯಾಗಿ ಹೇಳುತ್ತಾರೆ. ಅವರ ಪಾಠದಲ್ಲಿ ಅಳಿಯ ಮೋಸಗಾರ, ಮಾವ ಅಮಾಯಕ. ಚಿಕ್ಕಮ್ಮನ ಪಾಠದಲ್ಲಿ ಇಬ್ಬರೂ ಅಷ್ಟಿಷ್ಟು ಎರಡೂ ಹೌದು. ಕಣ್ಣಾರೆ ಕಂಡದ್ದನ್ನು ಕಂಡೆನೆಂದೂ ಭಾವನ, ಅಂದರೆ ಆ ಅಳಿಯನ, ಬಾಯಿಂದ ಕೇಳಿದ್ದನ್ನು ಕೇಳಿದೆನೆಂದೂ ಬೇರ್ಪಡಿಸಿ ಹೇಳಿದವಳು ಆಕೆಯೊಬ್ಬಳೇ ಆದ್ದರಿಂದ ಇಲ್ಲಿ ಆಕೆಯ ಪಾಠವನ್ನೇ ಹಿಡಿಯಲಾಗಿದೆ.

ಆ ಭಾವನನ್ನು ಊರು ಕರೆಯುತ್ತಿದ್ದುದು ಹಲ್ಲಪ್ಪನೆಂದು. ಅವನು ಹಲ್ಲು ಕೀಳುವವನಲ್ಲ, ಕಟ್ಟುವವನು. ಹಲ್ಲಿನ ಡಾಕ್ಟರರ ದವಾಖಾನೆಯ ಹಿಂದಿನ ಉದ್ದನೆಯ ಕೋಣೆಯೇ ಅವನ ಕೆಲಸದ ಮನೆ. ರೋಗಿಯ ಬಾಯಿಯ ಅಚ್ಚು ಮುಂದಿನ ಕೋಣೆಯಿಂದ ತಟ್ಟೆಯಲ್ಲಿ ಬರುತ್ತಿತ್ತು. ಅದಕ್ಕೆ ಪ್ಲಾಸ್ಟರ್ ತುಂಬಿ ಅವನು ದವಡೆ ಮಾಡುತ್ತಿದ್ದ. ದವಡೆಯ ಮೇಲೆ ಮೇಣದಲ್ಲಿ ಹಲ್ಲು ತಿದ್ದುತ್ತಿದ್ದ. ಲೋಹದ ಹಲ್ಲಾದರೆ ಆ ಮೇಣದ ಹಲ್ಲನ್ನು ಕಬ್ಬಿಣದ ಬಳೆಯೊಳಗೆ ನಿಲ್ಲಿಸಿ, ಸುತ್ತ ಹಸಿ ಗಾರೆ ಸುರಿದು, ಗಟ್ಟಿಯಾದ ಮೇಲೆ ವಿದ್ಯುತ್ ಕುಲುಮೆಯಲ್ಲಿ ಇಡುತ್ತಿದ್ದ. ಒಳಗಿನ ಮೇಣ ಉರಿದು ಹೋಗುತ್ತದೆ. ಅದು ಹೋದ ಜಾಗ ಹಲ್ಲಿನದೇ ಆಕಾರದಲ್ಲಿ ಟೊಳ್ಳಾಗಿ ಉಳಿಯುತ್ತದೆ. ಆ ಟೊಳ್ಳಿಗೆ ಕರಗಿದ ಲೋಹವನ್ನು ಎರೆದು, ಆರಿದ ಮೇಲೆ ಗಾರೆಯನ್ನು ಒಡೆದರೆ ಹಲ್ಲು. ಒಡೆಯದೆ ಹಲ್ಲು ಹೊರಗೆ ಬರುವುದಿಲ್ಲ; ಒಡೆದ ಅಚ್ಚು ಮತ್ತೆ ಕೂಡುವುದಿಲ್ಲ. ಇಷ್ಟೇ ಆ ವಿದ್ಯೆ. ಮುಗಿದ ಹಲ್ಲುಗಳಿಗೆ ಹೊಳಪು ಕೊಡುವ ಕೆಲಸ ಹೆಂಡತಿಯದು. ಕಿಟಕಿಯ ಬಳಿ, ತಿರುಗುವ ಬಟ್ಟೆಯ ಚಕ್ರದ ಮುಂದೆ ಕುಳಿತು, ಊರಿನ ಮುದುಕರ ನಗುವನ್ನೆಲ್ಲ ಅವಳೇ ಬೆಳಗಿ ಕಳುಹಿಸುತ್ತಿದ್ದಳು.

ಕೆಲಸ ಹಲ್ಲಿನದಾದರೂ ಹಲ್ಲಪ್ಪನ ಜೀವವಿದ್ದುದು ಮಣ್ಣಿನ ಕೆಳಗೆ. ಯಾರು ಪಾಯ ತೋಡಿದರೂ ರಜೆಯ ದಿನ ಅವನು ಅಲ್ಲಿ ಹಾಜರು. ಅಗೆದು ಎಸೆದ ಮಣ್ಣಿನಲ್ಲಿ ಮಡಕೆಯ ಚೂರು, ದೀಪದ ಕಿವಿ, ತುಕ್ಕು ತಿಂದ ಮೊಳೆ, ಏನು ಸಿಕ್ಕಿದರೂ ಅಂಗಿಯ ತುದಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದ. ಅವನ ಕಪಾಟಿನಲ್ಲಿ ಮೇಲಿನ ಸಾಲು ದವಡೆಗಳದ್ದು, ಕೆಳಗಿನ ಸಾಲು ಚೂರುಗಳದ್ದು. ಮಡಕೆಯಲ್ಲಿ ಕಾಣೆಯಾದ ಭಾಗವನ್ನು ತನ್ನಲ್ಲಿದ್ದ ಸಾಮಗ್ರಿಯಿಂದಲೇ ತುಂಬುತ್ತಿದ್ದುದರಿಂದ ಎಲ್ಲ ಮಡಕೆಗಳಿಗೂ ಅಲ್ಲಲ್ಲಿ ಒಸಡಿನ ಬಣ್ಣದ ತೇಪೆ. ಪುಸ್ತಕ ಓದಿದ್ದ, ನಕ್ಷೆ ಬರೆದಿದ್ದ. ಆದರೆ ಅವನ ಎಲ್ಲ ಹುಡುಕಾಟಕ್ಕೂ ತುದಿಯಲ್ಲಿ ಇದ್ದುದು ಒಂದೇ ವಸ್ತು: ಗುಡಿಯ ತಾಯಿ.

ಊರಿನ ಗುಡಿಯಲ್ಲಿ ಪೀಠವಿದೆ, ಪೀಠದ ಮೇಲೆ ಏನೂ ಇಲ್ಲ. ಅಜ್ಜನ ಅಜ್ಜನ ಕಾಲದಲ್ಲಿ ಊರವರು ಮನೆಗೊಂದು ಚೂರಿನಂತೆ ಕಂಚು ಕೂಡಿಸಿ, ಗೇಣುದ್ದದ ತಾಯಿಯ ವಿಗ್ರಹ ಎರೆಯಲು ಒಬ್ಬ ಕಂಚುಗಾರನಿಗೆ ಕೊಟ್ಟರಂತೆ. ಕೂರಿಸುವ ದಿನ ಬಂದಾಗ ವಿಗ್ರಹವೂ ಇಲ್ಲ, ಕಂಚುಗಾರನೂ ಇಲ್ಲ. ಹೆಂಡತಿ ಮಕ್ಕಳು ಮಾತ್ರ ಮನೆಯಲ್ಲಿ ಉಳಿದಿದ್ದರು. ತಾಯಿಯನ್ನು ಎರೆದ, ಎತ್ತಿಕೊಂಡು ಓಡಿದ ಎಂದಿತು ಊರು. ಅಂದಿನಿಂದ ಆ ಮನೆಗೆ ದೇವಿಗಳ್ಳರ ಮನೆಯೆಂದೇ ಹೆಸರು. ಕಂಚಿನ ಕಸುಬು ಬಿಟ್ಟ ಅವರ ಸಂತತಿ ಬೀಗ ರಿಪೇರಿಗೆ ಇಳಿಯಿತು. ಬೀಗದ ಅಜ್ಜ ಆ ಮನೆಯವನು. ಹಲ್ಲಪ್ಪನ ಹೆಂಡತಿ ಅವನ ಹಿರಿಯ ಮಗಳು.

ಶಾಲೆಯಲ್ಲಿ ಯಾರದೇ ಪೆನ್ಸಿಲ್ ಕಳೆದರೂ ಮೊದಲು ತೆರೆಯುತ್ತಿದ್ದುದು ಅವಳ ಚೀಲ. ಮಾಸ್ತರರು ಬೈಯುತ್ತಿರಲಿಲ್ಲ, ತಪಾಸಣೆ ಮುಗಿದ ಮೇಲೆ "ಬೇಜಾರು ಮಾಡ್ಕೋಬೇಡಮ್ಮ" ಎನ್ನುತ್ತಿದ್ದರು. ಆ ಮಾತೇ ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತ್ತು. ಗಂಡನ ಹುಚ್ಚನ್ನು ಅವಳು ಸಹಿಸಿಕೊಂಡದ್ದಕ್ಕೆ ಕಾರಣವೂ ಅದೇ. ತಾಯಿ ಎಲ್ಲಾದರೂ ಸಿಗಲಿ, ತನ್ನವರು ಕದ್ದಿಲ್ಲವೆಂದು ತಿಳಿಯಲಿ ಎಂಬುದೊಂದೇ ಅವಳ ಹಟ. ಹಲ್ಲಪ್ಪನಿಗೆ ಬೇಕಾದದ್ದು ಬೇರೆ: ಯಾರೂ ಕಾಣದ ಆ ಮುಖವನ್ನು ಒಮ್ಮೆ ನೋಡಬೇಕು. ಮದುವೆಗೆ ಮುಂಚೆ ಹೆಣ್ಣು ನೋಡಲು ಹೋದವನು ಹಿತ್ತಲು ನೋಡಿ ಬಂದ ಎಂದು ಊರು ಆಡಿಕೊಳ್ಳುತ್ತಿದ್ದುದು ಪೂರಾ ಸುಳ್ಳೇನಲ್ಲ.

ಆ ಹಿತ್ತಲನ್ನು ಅಗೆಯಲು ಅವನು ಕೇಳಿದಾಗಲೆಲ್ಲ ಮಾವನದು ಒಂದೇ ಉತ್ತರ: "ಅಳಿಯಂದ್ರೇ, ನನ್ನ ಹಿತ್ತಲು ಹಲ್ಲಲ್ಲ, ಅಲ್ಲಾಡಿಸಿ ನೋಡೋಕೆ."

ಒಂದು ವರ್ಷ ಬಚ್ಚಲಿನ ಪೈಪು ಒಡೆದು ಅಗೆಯಲೇಬೇಕಾಯಿತು. ಅಳಿಯ ಗುದ್ದಲಿ ಹಿಡಿದು ಬಂದ. ಒಂದಾಳು ತೋಡುವ ಚರಂಡಿಯಲ್ಲಿ ಮೂರಾಳು ಮಲಗುವಷ್ಟು ತೋಡಿದ. ಮಾವ ಮೆಟ್ಟಿಲ ಮೇಲೆ ಕುಳಿತು ಹೇಳಿದ: "ಗುಂಡಿ ತೋಡೋಕೆ ಕರೆದದ್ದು ಕಣಪ್ಪ, ಗುಂಡೀಲಿ ಕೂತು ಧ್ಯಾನ ಮಾಡೋಕಲ್ಲ."

ಹಲ್ಲಪ್ಪನಿಗೆ ಸಿಕ್ಕಿದ್ದು ಬೂದಿಯ ದಪ್ಪ ಪದರ, ಅದರ ನಡುವೆ ಸಣ್ಣ ಕುಂಬಳಕಾಯಿಯಷ್ಟು ದೊಡ್ಡ ಒಂದು ಮಣ್ಣಿನ ಉಂಡೆ. ಬೆರಳಿನಿಂದ ತಟ್ಟಿದ, ಕಂಚಿನ ಸದ್ದು ಬರಲಿಲ್ಲ. ಕಂಚನ್ನೇ ಕನವರಿಸುತ್ತಿದ್ದವನಿಗೆ ಮಣ್ಣು ಮಣ್ಣಾಗಿಯೇ ಕಂಡಿತು. ಹಳೆಯ ಒಲೆಯ ಗುಂಡಿರಬೇಕೆಂದುಕೊಂಡು, ಬಿಸಾಡಲೂ ಮನಸ್ಸಾಗದೆ, ತಂದು ಕುಲುಮೆಯ ಮೇಲೆ ಒಣಗಲು ಇಟ್ಟ. ಅಲ್ಲಿ ಅದು ಬಹಳ ದಿನ ಕುಳಿತಿತ್ತು. ಆದರೆ ಬ್ರಶ್ಶಿನಿಂದ ಉಜ್ಜಿದಾಗಲೆಲ್ಲ ಅದರ ಮೈಯಿಂದ ಹೊಟ್ಟು ಉದುರುತ್ತಿತ್ತು. ಮೆತ್ತಗಿರುವುದನ್ನು ಸುಟ್ಟು ಗಟ್ಟಿ ಮಾಡುವುದು ಅವನ ಕಸುಬಿನ ವಾಡಿಕೆ. ಡಾಕ್ಟರರು ಊರಲ್ಲಿಲ್ಲದ, ಒಂದು ಬಳೆಯನ್ನೂ ಸುಡಬೇಕಿಲ್ಲದ ದಿನ, ಉಂಡೆಯನ್ನು ಕುಲುಮೆಯೊಳಗಿಟ್ಟು ಬಾಗಿಲು ಹಾಕಿದ. ದಿನವೂ ಮೇಣದ ಮೇಲೆ ಗಾರೆ ಮುಚ್ಚುವವನಿಗೆ, ಯಾರೋ ಒಬ್ಬ ಮಣ್ಣು ಮುಚ್ಚಿ ಇಟ್ಟದ್ದು ಹೊಳೆಯಲೇ ಇಲ್ಲ. ಅವನ ಅಚ್ಚು ಯಾವಾಗಲೂ ಕಬ್ಬಿಣದ ಬಳೆಯೊಳಗೆ ಇರುತ್ತಿತ್ತು. ಇದಕ್ಕೆ ಬಳೆ ಇರಲಿಲ್ಲ.

ಮೊದಲು ತಿಳಿದದ್ದು ಹೆಂಡತಿಗೆ. ಚಕ್ರ ನಿಲ್ಲಿಸಿ ಮೂಗು ಅರಳಿಸಿದಳು.

"ಏನ್ರೀ ಇದು, ಜೇನುಗೂಡು ಸುಟ್ಟ ಹಾಗೆ ವಾಸ್ನೆ?"

"ಕಿಟಕಿ ಆಚೆಯಿಂದ ಬಂದಿರಬೇಕು."

"ಆಚೆ ಅಲ್ಲ, ನಿಮ್ಮ ಬೆನ್ನ ಹಿಂದೆ."

ಅವರ ಕೆಲಸದ ಮೇಣ ಸುಟ್ಟರೆ ಆರಿದ ಮೋಂಬತ್ತಿಯ ನಾತ ಬರುತ್ತದೆ. ಇದು ಆ ನಾತವಲ್ಲ. ಜೇನು, ಅದರ ಜೊತೆಗೆ ಮರದ ಅಂಟು. ಹಲ್ಲಪ್ಪ ಬಾಗಿಲು ತೆರೆದ. ಉಂಡೆಯ ಬುಡದಿಂದ ಮಣ್ಣಿನದೊಂದು ಬಿರಡೆ ಕಳಚಿ ಬಿದ್ದಿತ್ತು. ಅಲ್ಲಿ ಕಂಡ ತೂತು ಆಲಿಕೆಯಂತೆ ಒಳಗೆ ಇಳಿದಿತ್ತು. ಕುಲುಮೆಯ ನೆಲದ ಮೇಲೆ ಕೆಲವು ಹನಿಗಳು ಉರಿಯುತ್ತಿದ್ದವು. ಅವನು ಸ್ವಿಚ್ಚಿಗೆ ಕೈ ಹಾಕುವುದರೊಳಗೆ ಅವೂ ಆರಿದವು.

"ಯಾಕೆ ಹಾಗೆ ನಿಂತ್ರಿ? ಏನಾಯ್ತು?"

"ಒಳಗೆ ಮೇಣ ಇತ್ತು," ಎಂದ ಹಲ್ಲಪ್ಪ. "ಇದು ಉಂಡೆ ಅಲ್ಲ ಕಣೇ, ಅಚ್ಚು. ನಿಮ್ಮ ಕಂಚುಗಾರಜ್ಜನ ಅಚ್ಚು."

ಅವಳು ಮುಂದಿನದನ್ನು ಅವನಿಗಿಂತ ಬೇಗ ಕಂಡಳು. ಆ ಕೋಣೆಯಲ್ಲಿ ಅಷ್ಟು ವರ್ಷ ಕುಳಿತವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. "ಮೇಣ ಒಳಗೇ ಇತ್ತು ಅಂದ್ರೆ ಲೋಹ ಹೋಗಿಲ್ಲ. ಲೋಹ ಹೋಗಿಲ್ಲ ಅಂದ್ರೆ ತಾಯಿ ಆಗೇ ಇಲ್ಲ. ಆಗದೆ ಇರೋದನ್ನ ಕದ್ದೋರು ಯಾರು?"

"ಯಾರೂ ಇಲ್ಲ."

ಅವಳು ನಕ್ಕಳು, ಆಮೇಲೆ ಗಂಡನ ಮುಖ ನೋಡಿ ನಗು ನಿಲ್ಲಿಸಿದಳು. ಆ ಮೇಣವೇ ಸಾಕ್ಷಿಯಾಗಿತ್ತು, ಯಾರಿಗಾದರೂ ತೋರಿಸಬಹುದಾಗಿತ್ತು. ಅಷ್ಟೇ ಅಲ್ಲ, ಕಂಚುಗಾರ ಕೈಯಾರೆ ತಿದ್ದಿದ ಮೂಗು, ಕಣ್ಣು, ತುಟಿ ಇದ್ದುದು ಆ ಮೇಣದಲ್ಲಿ. ಹೆಂಡತಿ ಹುಡುಕುತ್ತಿದ್ದುದನ್ನೂ ತಾನು ಹುಡುಕುತ್ತಿದ್ದುದನ್ನೂ ಒಂದೇ ಕಡ್ಡಿಯಲ್ಲಿ ಹಚ್ಚಿದಂತೆ ಸುಟ್ಟಿದ್ದ. ಉಳಿದದ್ದು ಟೊಳ್ಳು. ಆ ಟೊಳ್ಳಿನೊಳಗೆ ಮುಖ ಒಳಮೊಗವಾಗಿ ಇತ್ತು, ಬೆಳಕು ಹೋಗದ ಕಡೆ.

ಡಾಕ್ಟರರು ಬಂದ ಮೇಲೆ ಉಂಡೆಯನ್ನು ಕ್ಷಕಿರಣದ ಕುರ್ಚಿಯಲ್ಲಿ ಕೂರಿಸಿ ನೋಡಿದರು. ಹಲ್ಲಿನ ಸಣ್ಣ ಫಿಲ್ಮಿನಲ್ಲಿ ಮೂಡಿದ್ದು ಮೋಡದಂಥ ಬಿಳುಪು. ಅದನ್ನು ದೀಪಕ್ಕೆ ಹಿಡಿದು, "ಹುಳುಕೇನೂ ಇಲ್ಲಪ್ಪ" ಎಂದರು.

ಹಲ್ಲಪ್ಪ ಸುದ್ದಿ ಕಳುಹಿಸಿದ್ದಕ್ಕೆ ವಸ್ತುಸಂಗ್ರಹಾಲಯದ ಅಧಿಕಾರಿಣಿ ತಾವೇ ಬಂದರು. ನಡುವಯಸ್ಸಿನ, ಮೆಲುಮಾತಿನ ಹೆಂಗಸು. ಮೊದಲು ಕಪಾಟಿನ ಮಡಕೆ ನೋಡಿ, "ಇದಕ್ಕೆ ಒಸಡು ಬಂದಿದೆಯಲ್ರೀ" ಎಂದು ನಕ್ಕರು. ಉಂಡೆಯನ್ನು ನೋಡುವಾಗ ನಗಲಿಲ್ಲ. ಉಗುರಿನಿಂದ ಕೆರೆದರು, ಮೂಸಿದರು, ಭೂತಗನ್ನಡಿ ಹಿಡಿದು ತೂತಿನ ಅಂಚನ್ನು ಸುತ್ತ ನೋಡಿದರು.

"ಸುಟ್ಟು ಎಷ್ಟು ದಿನ ಆಯ್ತು?"

"ಮೊನ್ನೆ ಮೇಡಂ. ನಾನೇ."

"ನೀವು ಹೇಳದಿದ್ರೂ ಗೊತ್ತಾಗ್ತಿತ್ತು. ಬೆಂಕಿ ಹೊಸದು." ಅವರು ಉಂಡೆಯನ್ನು ಮೆಲ್ಲಗೆ ಕೆಳಗಿಟ್ಟರು. "ನೋಡಿ, ನಿಮ್ಮ ಕಸುಬೇ ಅಚ್ಚು ಮಾಡೋದು. ಸಿಕ್ಕಿದ್ದು ನಿಮ್ಮ ಮಾವನ ಹಿತ್ತಲಲ್ಲಿ. ಕಳಂಕ ಹೋಗೋದು ನಿಮ್ಮ ಹೆಂಡತಿ ಮನೇದು. ನಾನು ನಿಮ್ಮನ್ನ ನಂಬ್ತೀನಿ. ಆದ್ರೆ ನನ್ನ ನಂಬಿಕೆಗೆ ಸರ್ಕಾರದ ಮೊಹರು ಬೀಳಲ್ಲ."

"ಎರೆದು ನೋಡಿದ್ರೆ?" ಎಂದ ಹಲ್ಲಪ್ಪ. ಅವರು ಬಂದಾಗಿನಿಂದ ಅವನ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಅದೊಂದೇ.

"ಮುಖ ಕಾಣತ್ತೆ. ಆಮೇಲೆ ನಿಮ್ಮ ಹತ್ರ ಒಂದು ಹೊಸ ಗೊಂಬೆ ಇರತ್ತೆ, ಒಂದು ಬುಟ್ಟಿ ಚೂರು ಇರತ್ತೆ. ಈಗ ಇರೋದು ಒಡೆಯದ ಅಚ್ಚು. ಒಡೆದಿಲ್ಲ ಅಂದ್ರೆ ಎರೆದಿಲ್ಲ. ಹಳೇದೋ ಹೊಸದೋ ಅಂತ ಯಾರು ಬೇಕಾದ್ರೂ ಜಗಳ ಆಡಬಹುದು. ಇದೊಂದು ಮಾತನ್ನ ಮಾತ್ರ ಯಾರೂ ಅಲ್ಲಗಳೆಯೋಕಾಗಲ್ಲ."

ಅವರು ಹೋದ ಮೇಲೆ ಹೆಂಡತಿ ಉಂಡೆಯನ್ನು ಎತ್ತಿ, ಹಳೆಯ ಟವೆಲಿನಲ್ಲಿ ಸುತ್ತಿ, ಕಪಾಟಿನ ಒಳಗಿಟ್ಟಳು.

ಮಾವನಿಗೆ ಸುದ್ದಿ ಹೇಳಲು ಇಬ್ಬರೂ ಹೋದರು. ಚಿಕ್ಕಮ್ಮನೂ ಅಂದು ಅಲ್ಲೇ ಇದ್ದಳು. ಅಲ್ಲಿ ನಡೆದ ಮಾತೆಲ್ಲ ಅವಳು ಕಿವಿಯಾರೆ ಕೇಳಿದ್ದು. ಗೋಡೆಯ ತುಂಬ ಬೀಗದ ಕೈಗಳು ತೂಗುತ್ತಿದ್ದ ಅಂಗಡಿಯಲ್ಲಿ ಅಜ್ಜ ಅರದಿಂದ ಒಂದು ಕೈಯ ಹಲ್ಲು ತಿದ್ದುತ್ತ ಎಲ್ಲವನ್ನೂ ಕೇಳಿಸಿಕೊಂಡ. ಮಗಳು ನಿರೀಕ್ಷಿಸಿದ್ದ ಸಂತೋಷ ಅವನ ಮುಖದಲ್ಲಿ ಬರಲಿಲ್ಲ.

"ಅಂದ್ರೆ ತಾಯೀನ ಎರೆದೇ ಇಲ್ಲ?"

"ಇಲ್ಲ ಮಾವ."

"ಹಂಗಾದ್ರೆ ಊರೋರು ಕೊಟ್ಟ ಕಂಚೆಲ್ಲಿ ಹೋಯ್ತು?"

ಅಳಿಯ ಹೆಂಡತಿಯ ಮುಖ ನೋಡಿದ. ಮಗಳು ಗೋಡೆಯ ಬೀಗದ ಕೈಗಳನ್ನು ನೋಡಿದಳು.

"ಗೊತ್ತಿಲ್ಲ ಅನ್ನಿ," ಎಂದ ಅಜ್ಜ. "ಆದ್ರೆ ಊರಿಗೆ ಗೊತ್ತಾಗತ್ತೆ. ಕಂಚು ಮಾರ್ಕೊಂಡು ಓಡಿದ ಅಂತಾರೆ. ದೇವಿಗಳ್ಳ ಅಂದ್ರೆ ಒಂದು ಗತ್ತಿತ್ತು ಕಣ್ರಯ್ಯ! ದೇವರನ್ನೇ ಎತ್ತಿದ ಮನೆಯೋರು, ಇವರ ಕೈಗೆ ನಮ್ಮ ಬೀಗ ಯಾವ ಲೆಕ್ಕ ಅಂತ ಜನ ನನ್ನನ್ನ ಹುಡುಕ್ಕೊಂಡು ಬರ್ತಾರೆ. ನಾಳೆಯಿಂದ ಪಾತ್ರೆಗಳ್ಳ ಅಂತ ಕರೆಸ್ಕೊಳ್ಳಲಾ? ಮಾನ ಹೋಗೋದಾದ್ರೂ ಒಂದು ಅಂತಸ್ತಿನಲ್ಲಿ ಹೋಗಬೇಕು."

"ಅಪ್ಪಾ, ನನ್ನ ಚೀಲ ಜಾಲಾಡ್ತಿದ್ರಲ್ಲ, ಅದು ಯಾವ ಅಂತಸ್ತು?"

ಅಜ್ಜ ಅರ ಕೆಳಗಿಟ್ಟ. ದನಿ ಇಳಿಸಿ ಒಂದು ಉಪಾಯ ಹೇಳಿದ. ಅಂಗಡಿಯಲ್ಲಿ ಕೆಟ್ಟ ಹಿತ್ತಾಳೆಯ ಬೀಗಗಳು ಬುಟ್ಟಿಗಟ್ಟಲೆ ಬಿದ್ದಿವೆ. ಅಳಿಯನಿಗೆ ಎರಕ ಬರುತ್ತದೆ. ಈ ಅಚ್ಚಿನಲ್ಲೇ ತಾಯಿಯನ್ನು ಎರೆದು, ಮಸಿ ಹಚ್ಚಿ ಹಳತು ಮಾಡಿ, ಗುಡಿಯ ಪೀಠದ ಮೇಲೆ ಕೂರಿಸುವುದು. ನಮ್ಮಲ್ಲೇ ಇದ್ದಳು, ತಂದು ಒಪ್ಪಿಸಿದೆವು ಎಂದುಬಿಡುವುದು. "ಊರಿಗೆ ತಾಯಿ ಸಿಕ್ತಾಳೆ, ನಿಂಗೆ ಹೆಸರು ಸಿಗತ್ತೆ, ಅಳಿಯಂದ್ರಿಗೆ ಮುಖ ಕಾಣತ್ತೆ. ಯಾರಿಗೆ ನಷ್ಟ ಹೇಳು?"

"ಕದೀದೆ ಇದ್ದದ್ದನ್ನ ಹಿಂದಕ್ಕೆ ಕೊಡೋದು ಹೇಗಪ್ಪಾ? ಕೊಟ್ಟ ದಿನಾನೇ ಕದ್ದದ್ದು ನಿಜ ಆಗತ್ತೆ."

"ನಿನ್ನದು ಅತಿಯಾಯ್ತು. ಅಳಿಯಂದ್ರೇ, ನೀವೇನಂತೀರಿ?"

ಹಲ್ಲಪ್ಪ ಏನೂ ಅನ್ನಲಿಲ್ಲ. ಮೌನ ಸಮ್ಮತಿಯೆಂದು ಮಾವ ಬೀಗದ ಬುಟ್ಟಿಯನ್ನು ಅವನ ಸೈಕಲ್ಲಿಗೆ ಕಟ್ಟಿದ. ಬಿಚ್ಚಿ ಕೆಳಗಿಡಬಹುದಾಗಿತ್ತು, ಹಲ್ಲಪ್ಪ ಪೆಡಲು ತುಳಿದ.

ಮುಂದೆ ನಡೆದದ್ದು ಚಿಕ್ಕಮ್ಮನಿಗೆ ಭಾವನೇ ಹೇಳಿದ್ದು. ಅವನು ಹೆಂಡತಿಗೆ ಎರೆಯುತ್ತೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಬೀಗಗಳ ಕಬ್ಬಿಣ ಬಿಡಿಸಿ ಹಿತ್ತಾಳೆ ಬೇರೆ ಮಾಡಿದ. ತೂತಿನೊಳಗಿನ ಬೂದಿಯನ್ನು ಊದುಗೊಳವೆಯಿಂದ ತೆಗೆದ. ಒಂದು ಬೆಳಿಗ್ಗೆ ಟವೆಲು ಬಿಚ್ಚಿ, ಅಚ್ಚನ್ನು ಕುಲುಮೆಯಲ್ಲಿ ಮತ್ತೆ ಕಾಯಲು ಇಟ್ಟು, ಪಕ್ಕದ ಮೂಸೆಯಲ್ಲಿ ಹಿತ್ತಾಳೆ ಕರಗಿಸಿದ. ಹೆಂಡತಿ ಎಂದಿನಂತೆ ಬಂದು ಕಿಟಕಿಯ ಬಳಿ ಕುಳಿತಳು, ಎಂದಿನಂತೆ ಚಕ್ರ ತಿರುಗಿಸಿದಳು. ಅವನು ಕಾದ ಅಚ್ಚನ್ನು ಇಕ್ಕಳದಿಂದ ತೆಗೆದು, ಬಾಯಿ ಮೇಲಾಗಿ ಮರಳಿನಲ್ಲಿ ಊರಿದ. ಮೂಸೆಯನ್ನು ಎತ್ತಿದ. ಆಗ ಚಕ್ರ ನಿಂತಿತು.

"ನಾನು ತಡೆಯಲ್ಲ," ಎಂದಳು. "ಎಷ್ಟೋ ವರ್ಷದಿಂದ ಆಸೆ ಇಟ್ಕೊಂಡಿದ್ದೀರಿ. ಎರೆದ ಮೇಲೆ ಒಂದು ಮಾತು ಮಾತ್ರ ನೀವೇ ಹೇಳಬೇಕು. ನಾನು ಕದ್ದೋರ ಮನೆ ಮಗಳೋ, ಕದೀದೋರ ಮನೆ ಮಗಳೋ?"

ಕರಗಿದ ಹಿತ್ತಾಳೆ ಬಹಳ ಹೊತ್ತು ಕಾಯುವುದಿಲ್ಲ. ಹಾಲಿನ ಕೆನೆಯಂತೆ ಅದರ ಮೇಲೆ ಪದರ ಕಟ್ಟತೊಡಗಿತು. ಕೈ ಒಂದಿಷ್ಟು ಬಾಗಿದ್ದರೆ ಸಾಕಿತ್ತು. ಬಾಗಿಸಲು ಕೈ ಕಲಿತೂ ಇತ್ತು. ಹಲ್ಲಪ್ಪ ನಿಂತೇ ಇದ್ದ. ಆಮೇಲೆ ಎರಡು ಹೆಜ್ಜೆ ಆಚೆ ಸರಿದು ಮೂಸೆಯನ್ನು ಬರಿಯ ಮರಳಿನ ಮೇಲೆ ಬೋರಲು ಹಾಕಿದ. ಲೋಹ ಹರಡಿ, ಯಾವ ಆಕಾರವೂ ಇಲ್ಲದ ಚಪ್ಪಟೆ ಹೆಂಟೆಯಾಗಿ ಕಪ್ಪಾಯಿತು.

"ಕದೀದೋರ ಮಗಳು," ಎಂದು ಇಕ್ಕಳವನ್ನು ಮೊಳೆಗೆ ತೂಗುಹಾಕಿದ.

ಅಚ್ಚು ಆರಿದ ಮಾರನೆಯ ದಿನ ಅವಳು ಅದನ್ನು ಮಗುವಿನಂತೆ ತೋಳಿನಲ್ಲಿಟ್ಟುಕೊಂಡು, ಗುಡಿಯ ಬೀದಿಯಲ್ಲಿ ಎಲ್ಲರೂ ಬಾಗಿಲಲ್ಲಿ ನಿಂತಿರುವ ಹೊತ್ತಿನಲ್ಲೇ, ನಡೆದು ಹೋದಳು. ಹಲ್ಲಪ್ಪ ಹಿಂದೆ ಹಿಂದೆ ಹೋದ. ಗುಡಿ ನೋಡಿಕೊಳ್ಳುತ್ತಿದ್ದ ಮುದುಕ ಪೊರಕೆ ಹಿಡಿದು ನಿಂತಿದ್ದ. ಅವಳು ಅಚ್ಚನ್ನು ಪೀಠದ ಮೇಲೆ ಇಟ್ಟಳು.

"ಏನಮ್ಮಾ ಇದು? ಮಣ್ಣುಂಡೆ ತಂದಿಟ್ರೆ?"

"ತಾಯಿ. ಒಳಗಿದ್ದಾಳೆ. ಇನ್ನೂ ಹುಟ್ಟಿಲ್ಲ."

"ಹುಟ್ಟಿಲ್ಲ ಅಂದ್ರೆ?"

"ಅಚ್ಚು ಒಡೆದಿಲ್ಲ, ನೀವೇ ಸುತ್ತ ನೋಡಿ. ಎರೆಯೋಕೆ ಮುಂಚೇನೇ ಆ ಅಜ್ಜ ಓಡಿದ. ಇನ್ನೂ ಹುಟ್ಟದ ಕೂಸನ್ನ ಕದಿಯೋಕೆ ಆಗತ್ತಾ? ಗರ್ಭಗುಡಿ ಅಂತ ನೀವೇ ಕರೀತೀರಲ್ಲ, ಇಲ್ಲೇ ಇರಲಿ."

ಮುದುಕ ಅಚ್ಚನ್ನು ಸುತ್ತ ತಿರುಗಿಸಿ ನೋಡಿದ. ಬಿರುಕು ಕಾಣಲಿಲ್ಲ. ಬಾಗಿಲಲ್ಲಿ ಸೇರಿದವರ ಕಡೆ ತಿರುಗಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ," ಎಂದ. "ನಮ್ಮೋರು ಗುಡೀನೇ ಕಟ್ಟಿಬಿಟ್ಟಿದ್ದಾರೆ!"

ಜನ ನಕ್ಕರು. ಆ ನಗುವಿನಲ್ಲಿ ಯಾರೂ ಅದನ್ನು ಎತ್ತಿ ಹೊರಗಿಡಲಿಲ್ಲ. ಆಮೇಲೆ ಎತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಅಳಿಯನೇ ಮಾಡಿದ ಅಚ್ಚೆಂದು ಹೇಳುವವರು ಇಂದಿಗೂ ಹೇಳುತ್ತಾರೆ. ಬೀಗದ ಅಜ್ಜ ಹೆದರಿದಂತೆಯೇ ಆಯಿತು: ತಿಂಗಳೊಳಗೆ ಗುಡಿಯ ಬೀದಿಯಲ್ಲಿ ಅವನ ಮನೆ ಪಾತ್ರೆಗಳ್ಳರ ಮನೆಯಾಯಿತು. ಕೆಲವರು ಬೀಗಗಳನ್ನು ಬೇರೆ ಕಡೆ ಒಯ್ದರು. ಅವನು ಅಳಿಯನೊಡನೆ ಮಾತು ಬಿಟ್ಟ. ಕಟ್ಟಿಸಿಕೊಂಡಿದ್ದ ಹಲ್ಲು ಸಡಿಲಾದಾಗ ಅದನ್ನೂ ಮೊಮ್ಮಗಳ ಕೈಯಲ್ಲಿ ಕಳುಹಿಸಿದನೇ ಹೊರತು ತಾನು ಹೋಗಲಿಲ್ಲ. ಹಿರಿಯ ಮಗಳು ಮಾತ್ರ ಆ ಹೊಸ ಹೆಸರಿಗೆ ತಲೆ ಕೆಡಿಸಿಕೊಳ್ಳಲಿಲ್ಲ. "ಕಂಚು ಕದ್ದಿದ್ದರೂ ಕದ್ದಿರಬಹುದು," ಎನ್ನುತ್ತಿದ್ದಳು. "ಗೊತ್ತಿಲ್ಲದ್ದಕ್ಕೆ ಬೈಸ್ಕೊಳ್ತೀನಿ. ಸುಳ್ಳಿಗೆ ಬೈಸ್ಕೊಳ್ಳಲ್ಲ."

ಹಲ್ಲಪ್ಪ ಮುಖ ನೋಡಲಿಲ್ಲ. ಪಾಯ ತೋಡುವ ಕಡೆ ಈಗಲೂ ಹೋಗುತ್ತಾನೆ, ಚೂರು ತರುತ್ತಾನೆ; ಯಾವುದನ್ನೂ ಸುಡುವುದಿಲ್ಲ. ಒಮ್ಮೆ ಚಿಕ್ಕಮ್ಮ ಕೇಳಿದಳಂತೆ: "ಭಾವ, ಆ ಮುಖ ಹೇಗಿತ್ತೋ ನೋಡಬೇಕು ಅನ್ಸಲ್ವಾ?"

"ದಿನಾ ಅನ್ಸತ್ತೆ," ಎಂದು ಅವನು ಯಾರದೋ ದವಡೆಯ ಮೇಲಿನ ಪ್ಲಾಸ್ಟರ್ ಪುಡಿಯನ್ನು ಊದಿದನಂತೆ.

ಇಲ್ಲಿಗೆ ಚಿಕ್ಕಮ್ಮ ನಿಲ್ಲಿಸಿದಳು. ಕಾಜ ಹಾಕುತ್ತಿದ್ದ ಒಬ್ಬಳು, "ಅಷ್ಟು ಹತ್ರ ಬಂದು ಕೈಬಿಟ್ರಾ? ನಾನಾಗಿದ್ರೆ ಎರೆದೇಬಿಡ್ತಿದ್ದೆ," ಎಂದಳು.

"ನೀನು ಬಿಡು, ಅನ್ನ ಬೇಯೋಕೆ ಮುಂಚೆ ನಾಲ್ಕು ಸಲ ಮುಚ್ಚಳ ತೆಗೆಯೋಳು," ಎಂದಳು ಪಕ್ಕದವಳು.

ಮತ್ತೊಬ್ಬಳು ಆ ಕಂಚು ಏನಾಗಿರಬಹುದೆಂದು ಕೇಳಿದಳು. ಚಿಕ್ಕಮ್ಮ, ನೆಲದ ಮೇಲೆ ಸೂಜಿ ಬಿದ್ದಿದೆಯೇ ನೋಡಿ ಕಾಲಿಡಿ ಎಂದಳು. ಹೆಂಗಸರು ಮುಗಿದ ಅಂಗಿಗಳನ್ನು ಮಡಿಸಿಟ್ಟು, ಮಡಿಲಿನ ನೂಲು ಕೊಡವಿ, ಬಾಗಿಲ ಬಳಿ ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಮನೆಗಳಿಗೆ ಹೋದರು.